ಬೋಲ್ಟಿನ ತಲೆಯ ಮೇಲೊಂದು ಅಕ್ಷರ

ಸುಲ್ತಾನ್ ಬತ್ತೇರಿಯಿಂದ ಪಾಟವಯಲ್, ದೇವರಶೋಲೆಗಳ ಮಾರ್ಗವಾಗಿ ಗೂಡಲೂರಿಗೆ ಹೋಗುವವರಿಗೆ ತಾವು ಕೇರಳವನ್ನು ಬಿಟ್ಟು ತಮಿಳುನಾಡನ್ನು ಹೊಕ್ಕಿದ್ದೇವೆಂಬುದು ಗಡಿಯ ತಪಾಸಣಾ ಗೇಟಿನಿಂದ ತಿಳಿಯಬೇಕೇ ಹೊರತು ನೆಲದಿಂದ ತಿಳಿಯುವುದಿಲ್ಲ. ಆಚೆಗೂ ಈಚೆಗೂ ಅದೇ ಚಹಾದ ಇಳಿಜಾರು, ಅದೇ ಗದ್ದೆಬಯಲು, ತೋಟದೊಳಕ್ಕೆ ತಿರುಗುವ ಅದೇ ಕೆಮ್ಮಣ್ಣಿನ ಕವಲುದಾರಿ. 1877ರವರೆಗೆ ಗೂಡಲೂರು ಮಲಬಾರ್ ಜಿಲ್ಲೆಯ ವಯನಾಡಿಗೇ ಸೇರಿದ್ದ ನೆಲ; ಆ ವರ್ಷ ಆಗ್ನೇಯ ವಯನಾಡನ್ನು ನೀಲಗಿರಿಗೆ ಸೇರಿಸಿದರು. ಮೈಸೂರಿನ ದಾರಿ, ಊಟಿಯ ದಾರಿ, ಬತ್ತೇರಿಯ ದಾರಿ, ನಾಡುಕಾಣಿ ಘಟ್ಟವಿಳಿದು ನಿಲಂಬೂರಿಗೆ ಹೋಗುವ ದಾರಿ ಇವೆಲ್ಲ ಬಂದು ಕೂಡುವ ಊರಾದ್ದರಿಂದ ಇಲ್ಲಿನ ಚಹಾದಂಗಡಿಯ ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ಮಲಯಾಳಗಳು ಪರಸ್ಪರ ತೊಡೆ ತಾಗಿಸಿ ಕುಳಿತಿರುತ್ತವೆ.

ಈ ನಾಡಿನ ನಿಜವಾದ ವಾಹನ ಜೀಪು. ಬಸ್ಸು ಹೋಗದ ಪಾಡಿಗಳಿಗೆ, ಎಂದರೆ ಚಹಾತೋಟದ ಕೂಲಿಕಾರರ ಸಾಲುಮನೆಗಳಿಗೆ, ಜನರನ್ನೂ ಅಕ್ಕಿಯನ್ನೂ ಗೊಬ್ಬರವನ್ನೂ ಹೊತ್ತೊಯ್ದದ್ದು ಅದೇ. ನಮ್ಮ ಪೆರ್ಲ, ಮುಳ್ಳೇರಿಯಗಳ ಕಡೆಯಲ್ಲಿಯೂ ಒಂದು ಕಾಲದಲ್ಲಿ ಹೀಗೆಯೇ ಇತ್ತು. ಮುಂದಿನ ಸೀಟಿನಲ್ಲಿ ಚಾಲಕನೂ ಸೇರಿ ನಾಲ್ವರು, ಹಿಂದೆ ಎಷ್ಟು ಮಂದಿಯೆಂದು ಎಣಿಸುವ ರೂಢಿ ಇರಲಿಲ್ಲ. ನಮ್ಮಲ್ಲಿ ಆಟೋರಿಕ್ಷಾ ಬಂದು ಜೀಪನ್ನು ಬದಿಗೆ ಸರಿಸಿತು. ಗೂಡಲೂರು, ಪಂದಲೂರುಗಳ ಏರುದಾರಿ ಅದಕ್ಕೆ ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ಬಿಟ್ಟುಹೋದ ಯಂತ್ರಗಳೊಡನೆ ಬಾಳುವುದು ಇಲ್ಲಿಯವರಿಗೆ ಹೊಸದಲ್ಲ. 1880ರ ಆಸುಪಾಸಿನಲ್ಲಿ ದೇವಾಲ, ಪಂದಲೂರುಗಳ ಗುಡ್ಡಗಳಲ್ಲಿ ಚಿನ್ನವಿದೆಯೆಂಬ ಸುದ್ದಿ ಲಂಡನ್ನಿಗೆ ಮುಟ್ಟಿ, ಸಾಲುಸಾಲಾಗಿ ಕಂಪೆನಿಗಳು ಹುಟ್ಟಿಕೊಂಡು, ಕಲ್ಲು ಕುಟ್ಟುವ ಭಾರಿ ಯಂತ್ರಗಳು ಘಟ್ಟ ಹತ್ತಿ ಬಂದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಕುಸಿಯಿತು. ಯಂತ್ರಗಳು ಕಾಡಿನಲ್ಲಿ ಉಳಿದವು. ಆಮೇಲೆ ಚಹಾ ಬಂತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳು ಬಂದವು. ಅವರಿಗಾಗಿಯೇ ಸರಕಾರ ಚಹಾತೋಟಗಳನ್ನು ಎಬ್ಬಿಸಿತು. ಕಾಸರಗೋಡಿನ ಕಡೆಯಿಂದ ಕಾಫಿ, ಕಾಳುಮೆಣಸಿನ ಕೃಷಿಗೆಂದು ಘಟ್ಟವೇರಿದ ಮನೆಗಳೂ ಇಲ್ಲಿವೆ. ಅಂಥ ಒಂದು ಮನೆಯವರು ತಮ್ಮ ಅಜ್ಜನ ಕಾಲದ ಜೀಪನ್ನು ಮೂಲರೂಪಕ್ಕೆ ತರುವ ಸಂಕಲ್ಪ ಮಾಡಿ, ಅದರ ಬಿಡಿಭಾಗಗಳ ಹಳೆಯ ಪಟ್ಟಿಯನ್ನು ಓದಿ ಹೇಳಲು ನನ್ನನ್ನು ಕರೆದಿದ್ದರು. ಕಳೆದ ಮಳೆಗಾಲ ಮುಗಿದ ಮೇಲೆ ಮೂರು ದಿನ ನಾನು ಗೂಡಲೂರಿನ ಒಂದು ಗ್ಯಾರೇಜಿನಲ್ಲಿ ಕಳೆದದ್ದು ಹೀಗೆ.

ಜೀಪಿನ ಕತೆ ಬಹುಮಂದಿಗೆ ಗೊತ್ತಿರುವಷ್ಟು ಸರಳವಲ್ಲ. ಅಮೆರಿಕದ ಸೇನೆಗೆ ಬೇಕಾದ ಹಗುರವಾದ ನಾಲ್ಕುಚಕ್ರ ಎಳೆತದ ವಾಹನವನ್ನು ಮೊದಲು ಮಾಡಿ ಒಪ್ಪಿಸಿದ್ದು ಬಾಂಟಮ್ ಎಂಬ ಚಿಕ್ಕ ಕಂಪೆನಿ, 1940ರ ಸೆಪ್ಟೆಂಬರ್ 23ರಂದು. ಆದರೆ ದೊಡ್ಡ ಗುತ್ತಿಗೆ ಸಿಕ್ಕಿದ್ದು ಟೊಲೆಡೊ ನಗರದ ವಿಲ್ಲಿಸ್ ಓವರ್‌ಲ್ಯಾಂಡ್‌ಗೆ, ಅನಂತರ ಅದೇ ನಕ್ಷೆಯಂತೆ ಮಾಡಿಕೊಡಲು ಫೋರ್ಡ್ ಕಂಪೆನಿಗೆ. 1941ರಿಂದ 1945ರವರೆಗೆ ವಿಲ್ಲಿಸ್ ಸುಮಾರು 3.6 ಲಕ್ಷವನ್ನೂ ಫೋರ್ಡ್ ಸುಮಾರು 2.8 ಲಕ್ಷವನ್ನೂ ಕಟ್ಟಿದವು. ವಿಲ್ಲಿಸ್‌ನದಕ್ಕೆ ಎಂಬಿ ಎಂದು ಹೆಸರು, ಫೋರ್ಡ್‌ನದಕ್ಕೆ ಜಿಪಿಡಬ್ಲ್ಯೂ. ಒಂದರ ಭಾಗ ಇನ್ನೊಂದಕ್ಕೆ ಕೂಡಬೇಕೆಂಬುದು ಸೇನೆಯ ಕರಾರು. ರಣರಂಗದಲ್ಲಿ ಎರಡು ಮುರಿದ ಜೀಪುಗಳಿಂದ ಓಡುವ ಒಂದು ಜೀಪನ್ನು ಹುಟ್ಟಿಸುವುದು ಆಗಬೇಕಿತ್ತಲ್ಲ! ಆದ್ದರಿಂದ ಈ ವಾಹನದಲ್ಲಿ ಬೆರಕೆಯೆಂಬುದು ಹುಟ್ಟಿನಿಂದಲೇ ಬಂದದ್ದು. ಯುದ್ಧ ಮುಗಿದಾಗ ಬರ್ಮಾ ಮೋರ್ಚೆಗೆಂದು ಭಾರತಕ್ಕೆ ಬಂದಿದ್ದ ಜೀಪುಗಳಲ್ಲಿ ಬಹಳಷ್ಟು ಇಲ್ಲಿಯೇ ಉಳಿದು ಹರಾಜಾದವು. ಹಳಬರ ಬಾಯಲ್ಲಿ ಇಂದಿಗೂ ಅವು 'ಡಿಸ್ಪೋಸಲ್' ಜೀಪುಗಳೇ. ಸ್ವತಂತ್ರ ಭಾರತದ ಮೊದಲ ದೊಡ್ಡ ಖರೀದಿ ವಿವಾದವೂ ಜೀಪಿನದೇ ಎಂಬುದು ಇಲ್ಲಿ ನೆನಪಾಗುತ್ತದೆ: ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ, ಮಲಬಾರಿನವರೇ ಆದ ವಿ.ಕೆ. ಕೃಷ್ಣ ಮೆನನ್ 1948ರಲ್ಲಿ ಸೇನೆಗಾಗಿ ಮಾಡಿಕೊಂಡ ಒಪ್ಪಂದ ಹೊಸ ಜೀಪುಗಳಿಗಲ್ಲ, ದುರಸ್ತಿಗೊಂಡ ಹಳೆಯ ಜೀಪುಗಳಿಗೆ.

ಗ್ಯಾರೇಜಿನ ಮೇಸ್ತ್ರಿ ಗುಂಡ್ಲುಪೇಟೆಯ ಮೂಲದವರು. ಎಪ್ಪತ್ತರ ಹತ್ತಿರದ ವಯಸ್ಸು. ನನ್ನೊಡನೆ ಕನ್ನಡ, ಹುಡುಗರೊಡನೆ ತಮಿಳು, ಬಿಡಿಭಾಗದ ಅಂಗಡಿಗೆ ಫೋನು ಮಾಡುವಾಗ ಮಲಯಾಳ. ಅಂಗಳದಲ್ಲಿ ಐದಾರು ಜೀಪುಗಳು ನಿಂತಿದ್ದವು. ಹೆಚ್ಚಿನವು ಮಹೀಂದ್ರದವು, ಎತ್ತರದ ಬಾನೆಟ್ಟಿನ ಸಿಜೆ3ಬಿ ಮತ್ತು ಅದರ ಮುಂದಿನ ಪೀಳಿಗೆಯವು. ಒಂದರಲ್ಲಿ ಪ್ಯೂಜೋ ಡೀಸೆಲ್, ಇನ್ನೊಂದರಲ್ಲಿ ಟ್ರ್ಯಾಕ್ಟರಿನ ಮೂಲದ ಡೀಸೆಲ್ ಎಂಜಿನ್. ಮೂಲೆಯಲ್ಲಿ ತಾರ್ಪಾಲಿನ ಕೆಳಗೆ ನಮ್ಮದು. "ಮೇಷ್ಟ್ರೇ, ಇದು ಮಿಲಿಟರಿದೇ ಅಂತ ನಮ್ಮಪ್ಪನೂ ಹೇಳ್ತಿದ್ರು. ಆದ್ರೆ ಇದರಲ್ಲಿ ಮಿಲಿಟರಿದು ಎಷ್ಟು ಉಳಿದದೆ ಅಂತ ಬಿಚ್ಚಿದ ಮೇಲೇ ಗೊತ್ತಾಗೋದು" ಎಂದು ಅವರು ಮೊದಲೇ ಎಚ್ಚರಿಸಿದರು.

ಮೊದಲ ಸಾಕ್ಷಿ ಮುಖದಲ್ಲಿಯೇ ಇತ್ತು. ಜೀಪಿನ ಮುಂದಿನ ಜಾಲರಿಯಲ್ಲಿ ಎಷ್ಟು ಕಂಡಿಗಳಿವೆಯೆಂದು ಎಣಿಸಬೇಕು. ವಿಲ್ಲಿಸ್ ಮೊದಲು ಉಕ್ಕಿನ ಪಟ್ಟಿಗಳನ್ನು ಬೆಸೆದು ಜಾಲರಿ ಮಾಡುತ್ತಿತ್ತು. ಒಂದೇ ತಗಡನ್ನು ಒತ್ತಿ ಒಂಬತ್ತು ಕಂಡಿ ಕೊರೆದು ಅಗ್ಗವಾಗಿಯೂ ಹಗುರವಾಗಿಯೂ ಮಾಡುವ ಉಪಾಯ ಫೋರ್ಡ್‌ನದು. ವಿಲ್ಲಿಸ್ ಕೂಡ ಅದನ್ನೇ ಒಪ್ಪಿಕೊಂಡಿತು. ಯುದ್ಧಾನಂತರದ ನಾಗರಿಕ ಜೀಪಿಗೆ ಏಳೇ ಕಂಡಿ. ಒಂಬತ್ತಿದ್ದರೆ ಜಾಲರಿ ಯುದ್ಧಕಾಲದ ಮಾದರಿಯದು, ಏಳಿದ್ದರೆ ಆಮೇಲಿನದು. ನಮ್ಮದರಲ್ಲಿ ಒಂಬತ್ತಿದ್ದವು. ಹೆಡ್‌ಲೈಟುಗಳು ತಿರುಗಣೆಯ ಮೇಲೆ ಕುಳಿತಿದ್ದವು. ರಾತ್ರಿಯಲ್ಲಿ ಎಂಜಿನ್ ಕೆಟ್ಟರೆ ದೀಪವನ್ನೇ ಹಿಂದಕ್ಕೆ ಮಗುಚಿ ಅದರ ಬೆಳಕಿನಲ್ಲಿ ಕೆಲಸ ಮಾಡಲೆಂದು ಸೇನೆಗಾಗಿ ಮಾಡಿದ ಏರ್ಪಾಡು. ಪೆಟ್ರೋಲು ಹಾಕುವ ಬಾಯಿ ಮೂಲದಲ್ಲಿ ಚಾಲಕನಾಗಿದ್ದವನ ಸೀಟಿನ ಅಡಿಯಲ್ಲಿಯೇ, ಹಿಂದೆ ತೆರೆಯುವ ಬಾಗಿಲಿಲ್ಲ. ಇವೂ ಸೇನೆಯ ಗುರುತುಗಳೇ. ನಾಗರಿಕ ಮಾದರಿಯಲ್ಲಿ ಪೆಟ್ರೋಲಿನ ಬಾಯಿ ಹೊರಬದಿಗೆ ಬಂತು, ಹಿಂಬಾಗಿಲೂ ಬಂತು.

ಇಷ್ಟರಿಂದ ಸೇನೆಯದೆಂದು ಹೇಳಬಹುದಾಯಿತು. ಆದರೆ ಯಾರು ಕಟ್ಟಿದ್ದು? ಜಾಲರಿಯ ಅಡಿಯಲ್ಲಿ, ಷಾಸಿಯ ಎರಡು ಉದ್ದ ತೊಲೆಗಳನ್ನು ಮುಂಭಾಗದಲ್ಲಿ ಕೂಡಿಸುವ ಅಡ್ಡತೊಲೆಯೊಂದಿದೆ. ವಿಲ್ಲಿಸ್‌ನಲ್ಲಿ ಅದು ಗುಂಡನೆಯ ಕೊಳವೆ. ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯಂಥ ತಗಡು. ನೆಲಕ್ಕೆ ಗೋಣಿ ಹಾಸಿ ಮಲಗಿ ಕೈಯಾಡಿಸಿದರೆ ಸಾಕು, ಕಣ್ಣೂ ಬೇಡ. ನಮ್ಮದು ಫೋರ್ಡ್. ಎಡ ತೊಲೆಯ ಮುಂಭಾಗದ ಮೇಲ್ಮೈಯಲ್ಲಿ ಸಂಖ್ಯೆ ಹೊಡೆದಿರುತ್ತಾರೆ. ಅಲ್ಲಿ ಬಣ್ಣ, ಗ್ರೀಸು, ಕೆಸರು ಸೇರಿ ಕಾಲು ಇಂಚು ಹೆಪ್ಪುಗಟ್ಟಿತ್ತು. ಕೆಲಸದ ಹುಡುಗ ಗ್ರೈಂಡರ್ ತಂದಾಗ ಮೇಸ್ತ್ರಿ ಗದರಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ತಾಳ್ಮೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿದರು. ಜಿಪಿಡಬ್ಲ್ಯೂ ಎಂಬ ಅಕ್ಷರಗಳೂ ಅವುಗಳ ಹಿಂದೆ ಅಂಕಿಗಳೂ ಸ್ಲೇಟಿನ ಮೇಲೆ ಬರೆದಂತೆ ಬಿಳಿಯಾಗಿ ಎದ್ದುಬಂದವು. ಗ್ರೈಂಡರ್ ಮುಟ್ಟಿದ್ದರೆ ಅರೆಕ್ಷಣದಲ್ಲಿ ಆ ಜೀಪು ತನ್ನ ಹೆಸರನ್ನೇ ಕಳೆದುಕೊಳ್ಳುತ್ತಿತ್ತು.

ಫೋರ್ಡ್ ಕಂಪೆನಿಯ ಒಂದು ಹಟದಿಂದ ಇಂದಿನ ಗುರುತುಕಾರರಿಗೆ ಮಹದುಪಕಾರವಾಗಿದೆ. ತನ್ನ ಕಾರ್ಖಾನೆಯಿಂದ ಹೊರಟ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಅದು ತನ್ನ ಬಾಗುಬರಹದ 'ಎಫ್' ಅಕ್ಷರವನ್ನು ಅಚ್ಚೊತ್ತಿತು. ಕೆಟ್ಟ ಭಾಗ ಯಾರದೆಂಬ ಜಗಳ ಬಂದರೆ ತನ್ನದನ್ನು ತಾನು ಗುರುತಿಸಿಕೊಳ್ಳಲು ಇದು ನೆರವಾಗುತ್ತಿತ್ತು. ಅದರ ಭಾಗಸಂಖ್ಯೆಗಳಲ್ಲಿಯೂ ಒಂದು ಕ್ರಮವಿದೆ: ಸಾವಿರದ ಸಾಲು ಚಕ್ರಕ್ಕೆ, ಎರಡು ಸಾವಿರದ್ದು ಬ್ರೇಕಿಗೆ, ಮೂರು ಸಾವಿರದ್ದು ಮುಂದಿನ ಆಕ್ಸಲ್ ಮತ್ತು ಸ್ಟಿಯರಿಂಗಿಗೆ, ನಾಲ್ಕು ಸಾವಿರದ್ದು ಹಿಂದಿನ ಆಕ್ಸಲಿಗೆ, ಆರು ಸಾವಿರದ್ದು ಎಂಜಿನ್ನಿಗೆ, ಎಂಟು ಸಾವಿರದ್ದು ರೇಡಿಯೇಟರ್ ಮೊದಲಾದ ತಂಪುಗೊಳಿಸುವ ಭಾಗಗಳಿಗೆ. ತುಕ್ಕು ಹಿಡಿದ ಎರಕದ ತುಂಡೊಂದು ಗುಜರಿಯಲ್ಲಿ ಸಿಕ್ಕಿದರೆ, ಅದರ ಮೇಲಿನ ಅಂಕಿ ಓದಲು ಬಂದರೆ, ಅದು ಜೀಪಿನ ಯಾವ ಅಂಗವೆಂದು ವಾಹನವನ್ನೇ ಕಾಣದವನೂ ಹೇಳಬಹುದು. ನಾನು ಹೊತ್ತೊಯ್ದಿದ್ದ ಸೇನೆಯ ಭಾಗಪಟ್ಟಿ, ಜಿ-503 ಎಂಬ ಸಂಖ್ಯೆಯದು, ಈ ಎರಡೂ ಕಂಪೆನಿಗಳ ಸಂಖ್ಯೆಗಳನ್ನು ಅಕ್ಕಪಕ್ಕ ಕೊಡುತ್ತದೆ. ನಿಘಂಟು ಓದುವ ಚಟವಿದ್ದವರಿಗೆ ಅದೂ ಬೇಸರ ತರಿಸದು.

ಮೇಸ್ತ್ರಿಗೆ ಈ ಪುಸ್ತಕದ ಅಗತ್ಯ ಹೆಚ್ಚಿರಲಿಲ್ಲ. ಅವರು ಸ್ಪ್ಯಾನರಿನಿಂದ ಓದುತ್ತಿದ್ದರು. ಹಳೆಯ ಜೀಪು ಪೂರ್ತಿಯಾಗಿ ಇಂಚಿನ ಲೆಕ್ಕದ್ದು. ಅರ್ಧ ಇಂಚಿನ ಬೋಲ್ಟ್ ತಲೆ ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಹಾಕಿದಾಗ ಜಾರುತ್ತದೆ; ಎರಡು ಮೂರು ಬಾರಿ ಹೀಗಾದರೆ ಬೋಲ್ಟಿನ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ. ಒಂಬತ್ತು ಹದಿನಾರನೆಯ ಇಂಚಿನದಕ್ಕೆ 14 ಹಿಡಿಸದು, 15 ಸಡಿಲ. ತಲೆ ಗುಂಡಗಾದ ಬೋಲ್ಟ್ ಕಂಡಲ್ಲೆಲ್ಲ ಅವರು "ಇಲ್ಲಿ ಆಮೇಲೆ ಬಂದವನು ಕೈ ಹಾಕಿದಾನೆ" ಎನ್ನುತ್ತಿದ್ದರು. ಮೂಲೆಗಳು ಚೂಪಾಗಿ ಉಳಿದ ಬೋಲ್ಟ್ ಕಂಡಾಗ ಏನೂ ಹೇಳದೆ ಮುಂದಕ್ಕೆ ಹೋಗುತ್ತಿದ್ದರು. ಹೀಗೆ ಎರಡನೆಯ ದಿನ ಸಂಜೆಯ ಹೊತ್ತಿಗೆ ಒಂದು ಲೆಕ್ಕ ಸಿದ್ಧವಾಯಿತು. ಷಾಸಿ ಫೋರ್ಡ್‌ನದು. ಹಿಂದಿನ ಆಕ್ಸಲ್, ಹಬ್ಬಿನ ಆರು ಬೋಲ್ಟಿನ ಚಪ್ಪಟೆ ಮುಚ್ಚಳ ನೋಡಿದರೆ, ಯುದ್ಧಕಾಲದ್ದೇ. ಸ್ಟಿಯರಿಂಗನ್ನು ಎಡದಿಂದ ಬಲಕ್ಕೆ ತಂದಿದ್ದಾರೆ. ಸೇನೆಯ ಜೀಪುಗಳೆಲ್ಲ ಎಡಗೈಯ ಚಾಲನೆಯವು, ಆದ್ದರಿಂದ ಎಡ ತೊಲೆಯಲ್ಲಿ ಹಳೆಯ ತೂತುಗಳು ಖಾಲಿ ನಿಂತಿವೆ. ನೆಲದ ತಗಡು ಗೂಡಲೂರಿನದೇ, ಮೇಸ್ತ್ರಿಯ ತಂದೆಯವರ ಕೈಕೆಲಸ.

ಉಳಿದದ್ದು ಎಂಜಿನ್. ಪಕ್ಕದಲ್ಲಿ ವಾಲ್ವ್ ಇರುವ ನಾಲ್ಕು ಸಿಲಿಂಡರಿನ, 2199 ಸಿಸಿಯ, 60 ಅಶ್ವಶಕ್ತಿಯ ಆ ಪ್ರಸಿದ್ಧ ಪೆಟ್ರೋಲ್ ಎಂಜಿನ್ನೇ ಮೇಲುನೋಟಕ್ಕೆ ಕಾಣುತ್ತಿತ್ತು. ಯಜಮಾನರ ಮುಖ ಅರಳಿತು. ಆದರೆ ಬ್ಲಾಕಿನ ಮೇಲೆ ಸಂಖ್ಯೆ ಇರಬೇಕಾದ ಜಾಗ ನುಣ್ಣಗಿತ್ತು. ಮೇಸ್ತ್ರಿ ಮುಂದಿನ ಮುಚ್ಚಳ ಬಿಚ್ಚಿದರು. ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟಿಗೆ ಓಟವನ್ನು ಒಯ್ಯಲು ಯುದ್ಧಕಾಲದ ಎಂಜಿನ್ನಿನಲ್ಲಿ ಸರಪಳಿ ಇತ್ತು. ಯುದ್ಧ ಮುಗಿದ ಮೇಲೆ, ನಾಗರಿಕ ಜೀಪುಗಳ ಕಾಲದಲ್ಲಿ, ಸರಪಳಿ ಹೋಗಿ ಹಲ್ಲುಚಕ್ರ ಬಂತು. ಒಳಗಿದ್ದದ್ದು ಹಲ್ಲುಚಕ್ರ. ಅಂದರೆ ಎಂದೋ ಮೂಲ ಎಂಜಿನ್ ಸತ್ತು, ಆಮೇಲಿನ ಎಂಜಿನ್ನೊಂದು ಅದರ ಜಾಗದಲ್ಲಿ ಕುಳಿತಿದೆ. ಫೋರ್ಡ್ ತನ್ನ ಜೀಪುಗಳ ಷಾಸಿಗೂ ಎಂಜಿನ್ನಿಗೂ ಒಂದೇ ಸಂಖ್ಯೆ ಹೊಡೆಯುತ್ತಿತ್ತು. ಆದ್ದರಿಂದ ಕಳೆದುಹೋದ ಎಂಜಿನ್ನಿನ ಸಂಖ್ಯೆ ನಮಗೆ ಅಂಕೆ ತಪ್ಪದೆ ಗೊತ್ತು. ಅದು ಯಾವ ಗುಜರಿಯಲ್ಲಿ ಕರಗಿತೋ ಗೊತ್ತಿಲ್ಲ.

ಇಲ್ಲಿಂದ ಮುಂದೆ ವಿಷಯ ಕಬ್ಬಿಣದ್ದಾಗಿ ಉಳಿಯಲಿಲ್ಲ. ಯಜಮಾನರ ಆಸೆಯ ಹಿಂದೆ ಒಂದು ಕಾನೂನಿತ್ತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕುಚಕ್ರ ವಾಹನಗಳಿಗೆ 'ವಿಂಟೇಜ್' ನೋಂದಣಿಯ ನಿಯಮ ಮಾಡಿತು. ನಂಬರಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಎಂದು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹತ್ತು ವರ್ಷದ ಅವಧಿ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬುವುದು, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಲ್ಲ. ಮುಖ್ಯ ಷರತ್ತು, ವಾಹನ ಮೂಲರೂಪದಲ್ಲಿರಬೇಕು. ಷಾಸಿಯಲ್ಲಿ, ಕವಚದಲ್ಲಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು.

ಷರತ್ತು ಅಕ್ಷರಶಃ ಸರಿಯೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಹಳೆಯ ಕಾರುಗಳನ್ನು ನೋಡಿರಬಹುದು. ಅಲ್ಲಿ ನಿಂತ ಕಾರು ಮೂಲರೂಪದಲ್ಲಿ ಇರಬೇಕೆಂದೇ ನಾವೂ ಬಯಸುತ್ತೇವೆ. ಆದರೆ ಆ ಬಗೆಯ ಕಾರು ಮೂಲರೂಪದಲ್ಲಿ ಉಳಿಯುವುದು ಅದಕ್ಕೆ ಹೆಚ್ಚು ಕೆಲಸ ಬೀಳದಿದ್ದರಿಂದ. ಗೂಡಲೂರಿನ ಜೀಪು ಎಪ್ಪತ್ತು ವರ್ಷ ದುಡಿಯಿತು. ದುಡಿಯಲೆಂದೇ ಎಂಜಿನ್ ಬದಲಿಸಿಕೊಂಡಿತು, ಸ್ಟಿಯರಿಂಗ್ ದಾಟಿಸಿಕೊಂಡಿತು, ನೆಲ ಹೊಸದು ಮಾಡಿಸಿಕೊಂಡಿತು. ನಿಯಮದ ಕಣ್ಣಿಗೆ ಈ ದುಡಿಮೆಯೇ ಅದರ ಕುಂದು. ಕೊಟ್ಟಿಗೆಯಲ್ಲಿ ಮಲಗಿದ್ದ ಜೀಪಿಗೆ ಮಾನ, ಏರಿಳಿದ ಜೀಪಿಗೆ ಅನುಮಾನ ಎಂಬಂತಾಯಿತು.

ಯಜಮಾನರು ಒಂದು ಸಲಹೆ ಮುಂದಿಟ್ಟರು. ಅದು ಅವರ ಸ್ವಂತದ್ದಲ್ಲ, ಯಾರೋ ಪಟ್ಟಣದವರು ಹೇಳಿಕೊಟ್ಟದ್ದು. ಯುದ್ಧಕಾಲದ ಇನ್ನೊಂದು ಬ್ಲಾಕ್ ಹುಡುಕಿ ತರುವುದು. ಅದರ ಸಂಖ್ಯೆಯನ್ನು ಉಜ್ಜಿ ತೆಗೆದು, ಷಾಸಿಯ ಸಂಖ್ಯೆಯನ್ನೇ ಅಲ್ಲಿ ಹೊಡೆಯುವುದು. ಡ್ಯಾಶ್‌ಬೋರ್ಡಿನ ಮೇಲಿನ ಲೋಹದ ಫಲಕಗಳೂ ಹೊಸದಾಗಿ ಅಚ್ಚು ಹಾಕಿದವು ಕ್ರಯಕ್ಕೆ ಸಿಗುತ್ತವೆ, ಬೇಕಾದ ತಾರೀಕು ಕೊರೆಯಿಸಿಕೊಳ್ಳಬಹುದು. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡದೆಯೇ ಹೇಳಿದರು: "ಯಜಮಾನ್ರೇ, ಬ್ಲಾಕ್ ತನ್ನಿ, ಕೂರಿಸಿಕೊಡ್ತೀನಿ. ನಂಬರ್ ನಾನು ಹೊಡೆಯಲ್ಲ. ಈ ಸುತ್ತಿನಲ್ಲಿ ಯಾರೂ ಹೊಡೆಯದ ಹಾಗೂ ನೋಡ್ಕೋತೀನಿ." ಯಜಮಾನರು ನನ್ನ ಮುಖ ನೋಡಿದರು. ಸಂಖ್ಯೆ ತಿದ್ದುವುದು ಅಪರಾಧವೆಂಬುದನ್ನು ಅವರಿಗೆ ಹೇಳಬೇಕಾದ್ದಿರಲಿಲ್ಲ. ಅದಕ್ಕೂ ಮಿಕ್ಕಿ ನನಗೆ ಅನಿಸಿದ್ದು ಬೇರೆ: ಎಲ್ಲಿಯೋ ಇನ್ನೊಂದು ಫೋರ್ಡ್ ಷಾಸಿ ಆ ಬ್ಲಾಕಿನ ಸಂಖ್ಯೆಯನ್ನೇ ಹೊತ್ತು ಕಾಯುತ್ತಿರಬಹುದು. ನಮ್ಮದನ್ನು ಅಸಲಿಯಾಗಿಸಲು ಅದರದನ್ನು ಶಾಶ್ವತವಾಗಿ ಅಳಿಸಿದಂತೆ. ಗುರುತಿಸುವ ವಿದ್ಯೆ ಬಲ್ಲವನೇ ಗುರುತನ್ನು ಕೆಡಿಸುವುದಕ್ಕೂ ಸಮರ್ಥ. ಈ ಹವ್ಯಾಸದ ಸುತ್ತ ನಡೆಯುವ ವ್ಯಾಪಾರದಲ್ಲಿ ಇದು ಅಪರೂಪವೂ ಅಲ್ಲ. ಇದನ್ನು ನಾನು ಹೇಳಿದೆ. ಯಜಮಾನರು ಉತ್ತರ ಕೊಡಲಿಲ್ಲ. ಫಲಕಗಳ ಬೆಲೆಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಮೂರನೆಯ ದಿನ ಅವರ ತಾಯಿಯವರು ಗ್ಯಾರೇಜಿಗೆ ಬಂದರು. ಜೀಪಿನ ಹಿಂಭಾಗದಲ್ಲಿ ಕಬ್ಬಿಣದ ಮೆಟ್ಟಿಲೊಂದಿತ್ತು, ನೆಲದಿಂದ ಒಂದು ಗೇಣಿಗಿಂತ ತುಸು ಎತ್ತರದಲ್ಲಿ, ಮುರಿದ ಸ್ಪ್ರಿಂಗಿನ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ ಮಾಡಿದ್ದು. ಸೇನೆಯ ಯಾವ ಪಟ್ಟಿಯಲ್ಲಿಯೂ ಅದಿಲ್ಲ. ಆ ಜಾಗದಲ್ಲಿ ಮೂಲದಲ್ಲಿ ಇದ್ದದ್ದು ಹಿಂದಿನ ಎರಡು ತುಂಡು ಬಂಪರುಗಳು. ಮೂಲರೂಪ ಬೇಕಾದರೆ ಮೊದಲು ಹೋಗಬೇಕಾದದ್ದು ಈ ಮೆಟ್ಟಿಲು. ನಾನೇ ಹಿಂದಿನ ದಿನ ಸುಣ್ಣದಲ್ಲಿ ಅದರ ಮೇಲೆ ಅಡ್ಡಗೆರೆ ಎಳೆದಿದ್ದೆ. ಆ ಅಮ್ಮ ಗೆರೆಯನ್ನು ನೋಡಿ, ಪಾಡಿಯ ಬಸುರಿ ಹೆಂಗಸರನ್ನು ಗೂಡಲೂರಿನ ಆಸ್ಪತ್ರೆಗೆ ಒಯ್ಯುವಾಗ ಹತ್ತಲಾರದೆ ಒದ್ದಾಡುತ್ತಿದ್ದರೆಂದು ತಮ್ಮ ಮಾವನವರು ಇದನ್ನು ಕಮ್ಮಾರನಿಂದ ಮಾಡಿಸಿದರೆಂದೂ, ತಾವೂ ಇಬ್ಬರು ಮಕ್ಕಳ ಹೊತ್ತಿಗೆ ಇದೇ ಮೆಟ್ಟಿಲು ಹತ್ತಿ ಹೋದವರೆಂದೂ ಹೇಳಿದರು. ಹೇಳುವಾಗ ದನಿಯಲ್ಲಿ ಒತ್ತಾಯವೇನೂ ಇರಲಿಲ್ಲ. "ಬೇಡವಾದರೆ ತೆಗೆಯಿರಿ. ಬಿಸಾಡಬೇಡಿ, ಮನೆಗೆ ಕೊಡಿ" ಎಂದಷ್ಟೇ ಹೇಳಿ, ತಂದಿದ್ದ ಚಹಾದ ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಹೋದರು.

ಮಗ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಎಂಜಿನ್ ಹಾಗೆಯೇ ಇರಲಿ, ಸ್ಟಿಯರಿಂಗೂ ಇರಲಿ, ತುಕ್ಕು ತೆಗೆದು, ಬ್ರೇಕು ಸರಿಮಾಡಿ, ಈಗಿರುವ ಆರ್‌ಸಿಯಲ್ಲಿಯೇ ನಡೆಸೋಣ ಎಂದರು. ವಿಂಟೇಜ್ ನಂಬರಿನ ಮಾತು ಆಮೇಲೆ ಬರಲಿಲ್ಲ. ಮೆಟ್ಟಿಲಿಗೆ ಮಾತ್ರ ತುಕ್ಕು ತುಂಬ ಹಿಡಿದಿದ್ದರಿಂದ ಬಿಚ್ಚಿ ಶುಚಿಮಾಡಿ ಮತ್ತೆ ಕೂರಿಸಬೇಕೆಂದಾಯಿತು. ಹುಡುಗ ಅರ್ಧ ಇಂಚಿನ ಸ್ಪ್ಯಾನರ್ ಹಾಕಿದ, ಅದು ಕೂರಲಿಲ್ಲ. ಒಂಬತ್ತು ಹದಿನಾರನೆಯದು ಕೂತಿತು, ಒಂದು ಕೂದಲಿನಷ್ಟೂ ಸಡಿಲವಿಲ್ಲದೆ. ಮೂಲೆಗಳೆಲ್ಲ ಚೂಪಾಗಿದ್ದವು. ಮೇಸ್ತ್ರಿ ಮೊದಲ ಬೋಲ್ಟನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ, ಹೆಬ್ಬೆರಳಿನಿಂದ ತಲೆಯನ್ನು ತಿಕ್ಕಿ, ಬೆಳಕಿಗೆ ಹಿಡಿದು, ನನ್ನ ಕಡೆಗೆ ಚಾಚಿದರು. ಬಾಗುಬರಹದ 'ಎಫ್'. ನಾಲ್ಕರಲ್ಲಿಯೂ ಇತ್ತು. ಬಂಪರು ಬಿಚ್ಚಿದಾಗ ಅದರ ಬೋಲ್ಟುಗಳನ್ನು ಕಮ್ಮಾರ ಎಸೆಯದೆ ಮೆಟ್ಟಿಲಿಗೆ ಬಳಸಿಕೊಂಡಿದ್ದ. ಮೇಸ್ತ್ರಿ ಅವನ್ನು ಒಂದೊಂದಾಗಿ ಒರೆಸಿ ಹಳೆಯ ಪೇಪರಿನ ಮೇಲೆ ಸಾಲಾಗಿಟ್ಟು, ತೂತಿನ ಕ್ರಮ ತಪ್ಪದಂತೆ ಪಕ್ಕದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಕನ್ನಡದ ಅಂಕಿಗಳಲ್ಲಿ ಬರೆದರು.